ಸಾಲದ ಬಡ್ಡಿಗೂ ಒಂದು ಅಳತೆ

ಸಾಲ ತಂದು ಷೇರನ್ನೋ ಬಾಂಡನ್ನೋ ಕೊಂಡವರು ಆ ಸಾಲದ ಬಡ್ಡಿಯನ್ನು ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸಬಹುದೇ? ಮಕ್ಕಳು ಅಮೆರಿಕದಲ್ಲಿ ಕೆಲಸಕ್ಕಿರುವ ಮನೆಗಳಲ್ಲಿ ಈ ಪ್ರಶ್ನೆ ಏಳುವುದುಂಟು. ಅಲ್ಲಿನ ಕಾನೂನು ಕಡಿತಕ್ಕೆ ಅವಕಾಶ ಕೊಡುತ್ತದೆ, ಆದರೆ ಅದಕ್ಕೊಂದು ಮಿತಿ ಇಟ್ಟಿದೆ.

1969ಕ್ಕೆ ಮುಂಚೆ ಈ ಮಿತಿ ಇರಲಿಲ್ಲ. ದೊಡ್ಡ ಸಂಬಳದವರು ಸಾಲ ಮಾಡಿ, ಡಿವಿಡೆಂಡ್ ಕೊಡದೆ ಬೆಲೆ ಮಾತ್ರ ಏರುವ ಷೇರುಗಳನ್ನು ಕೊಳ್ಳಬಹುದಿತ್ತು. ಬಡ್ಡಿಯನ್ನು ಅದೇ ವರ್ಷದ ಸಂಬಳದಲ್ಲಿ ಕಳೆಯುವುದು. ಲಾಭಕ್ಕೆ ತೆರಿಗೆ ಕಟ್ಟುವುದು ಮಾತ್ರ ಷೇರು ಮಾರಿದಾಗ, ಅದೂ ಕಡಿಮೆ ದರದಲ್ಲಿ. ಖರ್ಚು ಇಂದು, ಆದಾಯ ಎಂದೋ! 1969ರ ತೆರಿಗೆ ಸುಧಾರಣಾ ಕಾಯಿದೆ ಇದಕ್ಕೆ ಮೊದಲ ಬೇಲಿ ಹಾಕಿತು. 1976ರಲ್ಲಿ ಬೇಲಿ ಬಿಗಿಯಾಯಿತು. 1986ರ ಕಾಯಿದೆ ಇಂದಿನ ನಿಯಮವನ್ನು ತಂದಿತು: ಹೂಡಿಕೆಯಿಂದ ಬಂದ ನಿವ್ವಳ ಆದಾಯ ಎಷ್ಟೋ, ಬಡ್ಡಿಯ ಕಡಿತವೂ ಅಷ್ಟೇ.

ಒಂದು ಲೆಕ್ಕ ನೋಡೋಣ. ಒಬ್ಬರು 1,00,000 ಡಾಲರನ್ನು ಶೇ. 8ರ ಬಡ್ಡಿಗೆ ತಂದು ಬಾಂಡ್ ಕೊಂಡರು. ವರ್ಷದ ಬಡ್ಡಿ 8,000. ಹೂಡಿಕೆಯ ನಿವ್ವಳ ಆದಾಯ 5,000. ಹಾಗಾದರೆ ಕಡಿತ 5,000 ಮಾತ್ರ. ಉಳಿದ 3,000 ವ್ಯರ್ಥವಲ್ಲ, ಮುಂದಿನ ವರ್ಷಕ್ಕೆ ಸಾಗುತ್ತದೆ. ಮರುವರ್ಷ ಆದಾಯ 9,000 ಆದರೆ, ಆ ವರ್ಷದ ಬಡ್ಡಿ 8,000, ಹಳೆಯದರಲ್ಲಿ 1,000 ಕಳೆಯಬಹುದು. ಇನ್ನೂ 2,000 ಬಾಕಿ. ಹೀಗೆ ಮುಂದಕ್ಕೆ ಒಯ್ಯಲು ವರ್ಷಗಳ ಗಡುವಿಲ್ಲ.

ಇನ್ನೂ ಕೆಲವು ಷರತ್ತುಗಳಿವೆ. ಖರ್ಚುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ತೋರಿಸುವವರಿಗೆ ಮಾತ್ರ ಈ ಕಡಿತ. ಎಲ್ಲರಿಗೂ ಸಿಗುವ ನಿಗದಿತ ಕಡಿತವನ್ನು ಆರಿಸಿಕೊಂಡವರಿಗೆ ಇಲ್ಲ. ತೆರಿಗೆಯೇ ಇಲ್ಲದ ಬಾಂಡುಗಳಿಗಾಗಿ ಮಾಡಿದ ಸಾಲದ ಬಡ್ಡಿಗೂ ಇಲ್ಲ. ಕಡಿಮೆ ದರದ ತೆರಿಗೆ ಬೀಳುವ ಡಿವಿಡೆಂಡ್ ಮತ್ತು ದೀರ್ಘಾವಧಿ ಲಾಭಗಳನ್ನು ಈ ಆದಾಯಕ್ಕೆ ಸೇರಿಸಬೇಕಾದರೆ, ಆ ಕಡಿಮೆ ದರವನ್ನು ಬಿಟ್ಟುಕೊಡಬೇಕು.

ತಂದೆ ತಾಯಿಗಳೂ ವಿದ್ಯಾರ್ಥಿಗಳೂ ಗಮನಿಸಬೇಕಾದ ಅಂಶ ಒಂದಿದೆ. ಕಡಿತವೆಂದರೆ ಬಡ್ಡಿಯ ಹಣ ವಾಪಸು ಬಂದಂತಲ್ಲ. ತೆರಿಗೆ ದರ ಶೇ. 24 ಇದ್ದರೆ, 5,000 ಡಾಲರ್ ಕಡಿತದಿಂದ ಉಳಿಯುವುದು 1,200 ಮಾತ್ರ. ಕೈಯಿಂದ ಹೋದದ್ದು 8,000. ಷೇರಿನ ಬೆಲೆ ಬಿದ್ದರೂ ಬಡ್ಡಿ ನಿಲ್ಲುವುದಿಲ್ಲ. ತೆರಿಗೆ ಉಳಿಯುತ್ತದೆಂದು ಸಾಲಕ್ಕೆ ಕೈ ಹಾಕುವ ಮೊದಲು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಡಾಲರಿಗೂ ಸಲ್ಲುತ್ತದೆ.