ತವರಿನ ಹೆರಿಗೆ, ಎರಡು ದೇಶದ ಕೂಸು

ಆರ್.ಎಸ್. ಪುರಂನ ದಿವಾನ್ ಬಹದ್ದೂರ್ ರಸ್ತೆಯಿಂದ ಒಳಕ್ಕೆ ತಿರುಗುವ ಬೀದಿಯೊಂದರಲ್ಲಿ ನಮ್ಮವರೇ ಆದ ಹಿರಿಯ ದಂಪತಿಗಳಿದ್ದಾರೆ. ಮೂಲತಃ ಕೊಳ್ಳೇಗಾಲದ ಕಡೆಯವರು. ಅವರ ಮಗಳು ಬ್ಯಾಂಕಾಕಿನಲ್ಲಿ ಉದ್ಯೋಗದಲ್ಲಿದ್ದು, ಅಲ್ಲಿಯ ಥಾಯ್ ತರುಣನೊಬ್ಬನನ್ನು ವರಿಸಿದ್ದಾಳೆ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ನಾಮಕರಣದ ದಿನ ನಾವು ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಅಜ್ಜಿ ಹತ್ತಿರ ಬಂದು ಮೆಲ್ಲನೆ ಕೇಳಿದರು: "ಈ ಮಗು ಯಾವ ದೇಶದ್ದು ಅಂತ ಲೆಕ್ಕ, ಸ್ವಾಮಿ? ಅಳಿಯಂದಿರು ಅವರ ದೇಶದ್ದು ಅಂತಾರೆ. ಇವರು ನಮ್ಮ ದೇಶದ್ದು ಅಂತಾರೆ. ಪತ್ರಿಕೆಗೆ ಬರೆಯೋರು ನೀವು, ತಿಳಿದು ಹೇಳಿ."

ತಿಳಿದು ಹೇಳಲು ನಮಗೆ ಹದಿನೈದು ದಿನ ಹಿಡಿಯಿತು. ವಾಚಕ ಬಂಧುಗಳ ಮನೆಗಳಲ್ಲಿಯೂ ಈಗ ಮಕ್ಕಳು ದೂರದೇಶಗಳಲ್ಲಿ ನೆಲೆಸಿ ಸಂಬಂಧ ಬೆಳೆಸುತ್ತಿರುವುದರಿಂದ, ಅಜ್ಜಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತಿದ್ದೇವೆ.

ಇಬ್ಬರ ಮಾತೂ ನಿಜ. ನಮ್ಮ 1955ರ ಪೌರತ್ವ ಕಾಯಿದೆಯ ಪ್ರಕಾರ, 2004ರ ಡಿಸೆಂಬರ್ 3ರಿಂದೀಚೆಗೆ ಭಾರತದಲ್ಲಿ ಹುಟ್ಟಿದ ಮಗುವಿನ ತಂದೆತಾಯಿಯರಲ್ಲಿ ಒಬ್ಬರು ಭಾರತೀಯರಾಗಿದ್ದು, ಇನ್ನೊಬ್ಬರು ಅಕ್ರಮ ವಲಸಿಗರಲ್ಲದಿದ್ದರೆ ಆ ಮಗು ಜನ್ಮತಃ ಭಾರತದ ಪ್ರಜೆ. ಅತ್ತ ಥಾಯ್ಲೆಂಡಿನ 1965ರ ರಾಷ್ಟ್ರೀಯತಾ ಕಾಯಿದೆಯ ಏಳನೆಯ ಕಲಮು, ತಂದೆ ಅಥವಾ ತಾಯಿ ಥಾಯ್ ಆಗಿದ್ದರೆ ಮಗು ಎಲ್ಲಿಯೇ ಹುಟ್ಟಿರಲಿ ಥಾಯ್ ಎನ್ನುತ್ತದೆ. ಕೊಯಮತ್ತೂರಿನ ತೊಟ್ಟಿಲಲ್ಲಿ ಮಲಗಿರುವ ಕೂಸು ಯಾರನ್ನೂ ಕೇಳದೆಯೇ ಎರಡು ದೇಶಕ್ಕೆ ಸೇರಿಬಿಟ್ಟಿದೆ.

ಇಲ್ಲಿ ನಮಗೆ ಸೋಜಿಗವೆನಿಸಿದ ಒಂದು ಸಂಗತಿಯುಂಟು. ವಿದೇಶದಲ್ಲಿ ಹುಟ್ಟಿದ ಮಗುವಿಗೆ ತಾಯಿಯ ಮೂಲಕವೂ ಪೌರತ್ವ ದೊರೆಯಬಹುದೆಂದು ನಮ್ಮ ದೇಶ ಒಪ್ಪಿದ್ದು 1992ರ ತಿದ್ದುಪಡಿಯಿಂದ. ಅದುವರೆಗೆ ತಂದೆ ಭಾರತೀಯನಾಗಿದ್ದರೆ ಮಾತ್ರ. ಪರದೇಶಿಯನನ್ನು ಮದುವೆಯಾಗಿ ಹೊರನಾಡಿನಲ್ಲಿ ಹೆತ್ತ ಥಾಯ್ ಹೆಣ್ಣುಮಗಳಿಗೂ ಅದೇ ಹಕ್ಕು ಬಂದದ್ದು ಅದೇ 1992ರಲ್ಲಿ. ಒಂಬತ್ತು ತಿಂಗಳು ಹೊತ್ತವಳ ದೇಶವೂ ಮಗುವಿನ ದೇಶವೆಂಬುದು ಎರಡು ಸರ್ಕಾರಗಳಿಗೂ ಹೊಳೆಯಲು ಅಷ್ಟು ಕಾಲ ಬೇಕಾಯಿತು!

ನಮ್ಮ ತವರಿನ ಹೆರಿಗೆಯ ಸಂಪ್ರದಾಯವೇ ಈ ಕಾಗದಪತ್ರಗಳ ದಾರಿಯನ್ನು ನಿರ್ಧರಿಸುತ್ತದೆಂಬುದನ್ನು ಮಾತ್ರ ಹಿರಿಯರು ಗಮನಿಸಬೇಕು. ಇದೇ ಕೂಸು ಬ್ಯಾಂಕಾಕಿನಲ್ಲಿ ಹುಟ್ಟಿದ್ದರೆ ಥಾಯ್ ಜನನಪತ್ರ ಅಲ್ಲಿಯೇ ಸಿಗುತ್ತಿತ್ತು. ಭಾರತದ ಪೌರತ್ವ ಬೇಕಾದರೆ ಒಂದು ವರ್ಷದೊಳಗೆ ನಮ್ಮ ರಾಯಭಾರ ಕಚೇರಿಯಲ್ಲಿ ಜನನವನ್ನು ನೋಂದಾಯಿಸಿ, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿಯರು ಬರೆದುಕೊಡಬೇಕಾಗಿತ್ತು. ಅವಧಿ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಇಲ್ಲಿ ಹುಟ್ಟಿದ್ದರಿಂದ ಎಲ್ಲವೂ ತಿರುವುಮುರುವಾಯಿತು. ಭಾರತದ ಪೌರತ್ವ ತಾನಾಗಿ ಬಂತು. ಥಾಯ್ ಹಕ್ಕನ್ನು ದಾಖಲೆಗೆ ತರಲು ಚೆನ್ನೈನಲ್ಲಿರುವ ಥಾಯ್ ಕಾನ್ಸುಲೇಟಿಗೆ ಹೋಗಬೇಕು. ನಗರಸಭೆಯ ಜನನಪತ್ರಕ್ಕೆ ನಮ್ಮ ವಿದೇಶಾಂಗ ಇಲಾಖೆಯ ದೃಢೀಕರಣ, ಥಾಯ್ ಭಾಷೆಗೆ ಅನುವಾದ, ತಂದೆತಾಯಿಯರ ವಿವಾಹಪತ್ರ, ಇವೆಲ್ಲ ಬೇಕು. ತಂದೆಯ ಕಡೆಯಿಂದ ಹಕ್ಕು ಕೇಳುವಾಗ ನೋಂದಾಯಿತ ವಿವಾಹವೇ ದೊಡ್ಡ ಆಧಾರ. ಇವರ ಮದುವೆ 1954ರ ವಿಶೇಷ ವಿವಾಹ ಕಾಯಿದೆಯಂತೆ ಮೂವತ್ತು ದಿನದ ನೋಟೀಸು ಕಳೆದು ನೋಂದಣಿಯಾಗಿತ್ತು. ಆಗ "ಛತ್ರದಲ್ಲಿ ತಾಳಿ ಕಟ್ಟಿದ ಮೇಲೆ ಅದೇಕೆ?" ಎಂದು ಗೊಣಗಿದ್ದ ತಾತನವರು ಈಗ ಆ ಕಾಗದವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ.

ಕಷ್ಟ ಬಂದದ್ದು ಹೆಸರಿನಲ್ಲಿ. ನಮ್ಮವರಿಗೆ ಇನಿಶಿಯಲ್ ಉಂಟು, ಮನೆತನದ ಹೆಸರು ಇಲ್ಲ. ಥಾಯ್ಲೆಂಡಿನಲ್ಲಿ 1913ರ ಕಾನೂನಿನಿಂದ ಪ್ರತಿಯೊಬ್ಬರಿಗೂ ಮನೆತನದ ಹೆಸರು ಕಡ್ಡಾಯ. ಮಗಳ ಶಾಲಾಪತ್ರದಲ್ಲಿ ಊರಿನ ಮತ್ತು ತಂದೆಯ ಹೆಸರಿನ ಎರಡು ಅಕ್ಷರಗಳು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೇ ಮನೆತನದ ಹೆಸರು. ವಿವಾಹಪತ್ರದಲ್ಲಿ ತಮಿಳುನಾಡಿನ ರೂಢಿಯಂತೆ ಒಂದೇ ಅಕ್ಷರ. ಮೂರು ಕಾಗದದಲ್ಲಿ ಮೂವರು ಹೆಂಗಸರು! ಮೂವರೂ ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಲು ನೋಟರಿಯ ಬಳಿ ಓಡಾಡಿದ್ದು ಇನ್ನೂ ಮುಗಿದಿಲ್ಲ. ಇದರ ಜೊತೆಗೆ ಅಳಿಯಂದಿರ ಕಾಗದಗಳಲ್ಲಿ ಇಸವಿ ಬುದ್ಧಶಕದ್ದು, ನಮ್ಮದಕ್ಕಿಂತ 543 ಹೆಚ್ಚು. 2024 ಅವರಲ್ಲಿ 2567. ಅದನ್ನು ಓದಿದ ತಾತನವರು ಅಚ್ಚಿನ ತಪ್ಪೆಂದು ಪೆನ್ಸಿಲಿನಿಂದ ತಿದ್ದಲು ಹೊರಟಿದ್ದರು.

ಇಷ್ಟಾದ ಮೇಲೆ ನಿಜವಾದ ಪ್ರಶ್ನೆ. ಎರಡನ್ನೂ ಇಟ್ಟುಕೊಳ್ಳಬಹುದೇ? ಹುಟ್ಟಿನಿಂದ ಬಂದ ಎರಡನೆಯ ರಾಷ್ಟ್ರೀಯತೆಯ ಬಗ್ಗೆ ಥಾಯ್ ಸರ್ಕಾರ ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಭಾರತ ಒಪ್ಪುವುದಿಲ್ಲ. ಪೌರತ್ವ ಕಾಯಿದೆಯ ಒಂಬತ್ತನೆಯ ಕಲಮಿನಂತೆ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವ ಅಲ್ಲಿಗೇ ಮುಗಿಯುತ್ತದೆ. ಪರದೇಶದ ಪಾಸ್‌ಪೋರ್ಟ್ ಪಡೆದದ್ದೇ ಅದಕ್ಕೆ ಸಾಕ್ಷಿಯೆಂದು ನಿಯಮಾವಳಿ ಹೇಳುತ್ತದೆ. "ಒಂದನ್ನು ತೋರಿಸಿ ಇನ್ನೊಂದನ್ನು ಪೆಟ್ಟಿಗೆಯಲ್ಲಿಡಿ" ಎಂದು ಉಪದೇಶಿಸುವ ಬಂಧುಗಳು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರ ಮಾತಿಗೆ ಕಿವಿಗೊಡಬಾರದು. ಸಿಕ್ಕಿಬಿದ್ದಾಗ ನರಳುವುದು ಉಪದೇಶಿಸಿದವರಲ್ಲ, ಬೆಳೆದ ಮಗು. ಇಲ್ಲಿಯೇ ಥಾಯ್ ಪಾಸ್‌ಪೋರ್ಟ್ ಪಡೆದ ಕೂಸನ್ನು ಸುಮ್ಮನೆ ಎತ್ತಿಕೊಂಡು ವಿಮಾನ ಹತ್ತುವಂತೆಯೂ ಇಲ್ಲ. ವಿದೇಶಿಯರ ನೋಂದಣಿ ಕಚೇರಿಯಿಂದ ನಿರ್ಗಮನದ ಅನುಮತಿ ಬೇಕು.

ಅಳಿಯಂದಿರ ವಾದದಲ್ಲಿಯೂ ಹುರುಳಿದೆ. ಥಾಯ್ಲೆಂಡಿನಲ್ಲಿ ಪರದೇಶಿಯರು ಭೂಮಿ ಕೊಳ್ಳುವಂತಿಲ್ಲ. ಮಗು ಓದುವುದೂ ಬೆಳೆಯುವುದೂ ಅಲ್ಲಿಯೇ. ಗಂಡುಮಗುವಾಗಿದ್ದರೆ ಇನ್ನೊಂದು ಲೆಕ್ಕ ಹಾಕಬೇಕಿತ್ತು. ಇಪ್ಪತ್ತೊಂದರ ವಯಸ್ಸಿನ ಥಾಯ್ ತರುಣರು ಏಪ್ರಿಲ್ ತಿಂಗಳಲ್ಲಿ ಸೈನ್ಯಕ್ಕಾಗಿ ಚೀಟಿ ಎತ್ತುತ್ತಾರೆ. ಕೆಂಪು ಬಂದರೆ ದಂಡಿಗೆ, ಕಪ್ಪು ಬಂದರೆ ಮನೆಗೆ. ಇದನ್ನು ಕೇಳಿದ ಅಜ್ಜಿ ಹೆಣ್ಣು ಹುಟ್ಟಿದ್ದಕ್ಕೆ ಮತ್ತೊಮ್ಮೆ ಮಹದೇಶ್ವರನಿಗೆ ಕೈಮುಗಿದರು.

ಥಾಯ್ ಪಾಸ್‌ಪೋರ್ಟ್ ಪಡೆದರೂ, ತಾಯಿ ಭಾರತೀಯಳಾದ್ದರಿಂದ ಮಗುವಿಗೆ ಸಾಗರೋತ್ತರ ಭಾರತೀಯರಿಗೆ ಕೊಡುವ ಓ.ಸಿ.ಐ. ಚೀಟಿ ದೊರೆಯುತ್ತದೆ, ಜೀವನಪರ್ಯಂತ ವೀಸಾ ಇಲ್ಲದೆ ಬಂದುಹೋಗಬಹುದು. ಮತದಾನದ ಹಕ್ಕಿಲ್ಲ. ಹೊಲ ತೋಟ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬರಬಹುದು. ಹೆಸರಿನಲ್ಲಿ ಭಾರತೀಯತೆ ಇದ್ದರೂ ಇದು ಪೌರತ್ವವಲ್ಲ. ಇದನ್ನು ವಿವರಿಸಿದಾಗ ಅಜ್ಜಿಯ ಕಣ್ಣು ತುಂಬಿತು. "ಮೊಮ್ಮಗಳು ಅಜ್ಜಿ ಮನೆಗೆ ಬರೋಕೂ ಚೀಟಿ ಬೇಕೇನಪ್ಪ?" ಎಂದರು. ಯಾರೂ ಉತ್ತರ ಕೊಡಲಿಲ್ಲ.

ಕೊನೆಗೆ ಮಾತಾಡಿದವರು ತಾತ. ಅವರು ಹುಟ್ಟಿದಾಗ ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಯದು, ಮದರಾಸು ರಾಜ್ಯದ್ದು. 1956ರ ನವೆಂಬರ್ ಒಂದರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. "ನಾವು ಮನೆಯ ಹೊಸಿಲು ದಾಟಲಿಲ್ಲ, ರಾಜ್ಯವೇ ಬದಲಾಯಿತು. ಆಮೇಲೆ ನಾನು ಹೊಟ್ಟೆಪಾಡಿಗೆ ಇಲ್ಲಿಗೆ ಬಂದೆ, ಹೊರರಾಜ್ಯದವನಾದೆ. ಆದರೆ ಆಗ ಯಾರೂ ನನ್ನನ್ನು ಯಾವುದು ಬೇಕೆಂದು ಕೇಳಲಿಲ್ಲ. ಇದಕ್ಕೆ ಕೇಳುತ್ತಿದ್ದಾರೆ. ಅದರ ಅಪ್ಪ ಅಮ್ಮ ಕೂತು ಹೇಳಲಿ, ನಾವು ನಡುವೆ ಬರುವುದು ಬೇಡ" ಎಂದರು.

ಅಪ್ಪ ಅಮ್ಮ ಹೇಳಿದ್ದಾರೆ. ಮಗು ಬೆಳೆಯುವುದು ಬ್ಯಾಂಕಾಕಿನಲ್ಲಾದ್ದರಿಂದ ಥಾಯ್ ಪಾಸ್‌ಪೋರ್ಟ್, ಅದರ ಹಿಂದೆಯೇ ಓ.ಸಿ.ಐ. ಚೀಟಿ. ಭಾರತದ ಪಾಸ್‌ಪೋರ್ಟಿಗೆ ಅರ್ಜಿಯನ್ನೇ ಹಾಕಿರಲಿಲ್ಲವಾದ್ದರಿಂದ ಹಿಂದಿರುಗಿಸುವ ತಾಪತ್ರಯವಿಲ್ಲ. ಬರುವ ತಿಂಗಳು ಚೆನ್ನೈಗೆ ಪಯಣ. ರೈಲಿಗೆ ಐದು ಟಿಕೆಟ್ಟು ಕಾದಿರಿಸಿದ್ದಾರೆ, ಅಜ್ಜಿಯೂ ಹೊರಟಿದ್ದಾರೆ. ಸದ್ಯಕ್ಕೆ ಉಳಿದಿರುವುದು ಕೂಸಿನ ಭಾವಚಿತ್ರ. ಬಿಳಿಯ ಹಿನ್ನೆಲೆ, ತೆರೆದ ಕಣ್ಣು, ಮುಚ್ಚಿದ ಬಾಯಿ ಬೇಕಂತೆ. ಎರಡು ಬಾರಿ ಸ್ಟುಡಿಯೋಗೆ ಕರೆದೊಯ್ದರೂ ಬಾಯಿ ಮುಚ್ಚಿದಾಗ ಕಣ್ಣೂ ಮುಚ್ಚಿತ್ತು.