ಚಿತ್ರಕಥೆಯೂ ವಚನವೂ

ಚಿತ್ರಕಥೆಯೆಂದರೆ ಮೂಗು ಮುರಿಯುವ ಪಂಡಿತರು ನಮ್ಮಲ್ಲಿ ಇಂದಿಗೂ ಇದ್ದಾರೆ. ಅವರು ಕಾರ್ಕಳದ ಅನಂತ ಪೈಯವರ ಕೃಷಿಯನ್ನೊಮ್ಮೆ ನೋಡಬೇಕು. 1929ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಹನ್ನೆರಡರ ಪ್ರಾಯದಲ್ಲಿ ಮುಂಬಯಿ ಸೇರಿದವರು ಅವರು. ಕಲಿತದ್ದು ರಸಾಯನ ತಂತ್ರವಿದ್ಯೆ; ಒಲಿದದ್ದು ಕಥೆ. 1967ರಲ್ಲಿ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣ ಬಲ್ಲ ಮಕ್ಕಳು ರಾಮನ ತಾಯಿಯ ಹೆಸರು ಹೇಳಲಾರದೆ ಹೋದುದನ್ನು ಕಂಡು ‘ಅಮರ ಚಿತ್ರ ಕಥೆ’ಗೆ ಕೈಹಾಕಿದರು. ಆ ಮಾಲೆಯಲ್ಲಿ ‘ಕೃಷ್ಣ’ನಿಗೆ 11ನೆಯ ಸಂಖ್ಯೆ. ಮೊದಲಿನ 10 ಪುಸ್ತಕಗಳು ಪಾಶ್ಚಾತ್ಯ ಕಥೆಗಳ ಕನ್ನಡ ರೂಪಗಳು! ಕನ್ನಡಿಗರು ಇದನ್ನು ಮರೆತೇಬಿಟ್ಟಿದ್ದೇವೆ. ‘ಕೃಷ್ಣ’ನ ಚಿತ್ರಗಳು ರಾಮ್ ವಾಯಿರ್‌ಕರ್ ಅವರವು, ಪೈಯವರದು ಮಾತನ್ನು ಅಳೆದು ಚೌಕಟ್ಟಿಗೆ ಕೂಡಿಸುವ ಕಸುಬು.

ಮುಂದೆ ಅದೇ ಮಾಲೆಯಲ್ಲಿ ಬಸವೇಶ್ವರರೂ ಬಂದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನಮಗೆ ಇದು ಮನೆಯ ಮಾತು. ಜನಿವಾರವನ್ನು ಒಲ್ಲದೆ ಸಂಗಮಕ್ಕೆ ನಡೆದ ಬಾಲಕನನ್ನು ಚಿತ್ರವು ಚೆನ್ನಾಗಿಯೇ ತೋರಬಲ್ಲದು. ಆದರೆ ಕೂಡಲಸಂಗಮದೇವನೊಡನೆ ಒಳಗೊಳಗೇ ಆಡಿದ ವಚನವನ್ನು ಯಾವ ಚೌಕಟ್ಟಿನಲ್ಲಿ ಕೂಡಿಸುವುದು? ಘಟನೆ ಉಳಿಯುತ್ತದೆ, ನುಡಿ ಸೋರಿಹೋಗುತ್ತದೆ. ಪೈಯವರ ಮಾದರಿಯ ಮಿತಿ ಇರುವುದು ಇಲ್ಲಿಯೇ ಎಂದು ನನ್ನ ಎಣಿಕೆ.

2011ರಲ್ಲಿ ಪೈಯವರು ತೀರಿಕೊಂಡರು. ಈ ಮಿತಿಯನ್ನು ದಾಟಬೇಕಾದವರು ವಚನವನ್ನು ಮೂಲದಲ್ಲಿಯೇ ಓದಬಲ್ಲವರು. ನನ್ನ ತರಗತಿಯಲ್ಲಿ ಚಿತ್ರ ಬರೆಯಬಲ್ಲ ಹುಡುಗ ಹುಡುಗಿಯರಿದ್ದಾರೆ. ತಮಗೆ ಪ್ರಿಯವಾದ ಒಂದು ವಚನಕ್ಕೆ ಎಂಟು ಚೌಕಟ್ಟುಗಳನ್ನು ಬರೆದು ತರಲು ಹೇಳಿದ್ದೇನೆ.