ಹತ್ತೂ ಹತ್ತಕ್ಕೆ ನಿಂತ ವಾಚುಗಳು

ಸ್ವಾಮಿ, ನಿಮ್ಮ ಮನೇಲಿ ಹನ್ನೆರಡು ವಾಚು ಇವೆ, ಸಂತೋಷ. ಹನ್ನೆರಡರ ಫೋಟೋನೂ ತೆಗೆದು ಊರಿಗೆಲ್ಲ ತೋರಿಸ್ತೀರಿ, ಅದೂ ಸಂತೋಷ. ಆದರೆ ಹನ್ನೆರಡರಲ್ಲೂ ಟೈಮು ಹತ್ತು ಗಂಟೆ ಹತ್ತು ನಿಮಿಷವೇ ಯಾಕಾಗಿರುತ್ತೆ? ಆ ಹೊತ್ತಿಗೆ ಮಾತ್ರ ನಿಮಗೆ ಪುರುಸೊತ್ತಾ?

ಉತ್ತರ ನನಗೆ ಗೊತ್ತು, ಯಾಕಂದ್ರೆ ನಾನೂ ಇದೇ ಜಾತ್ರೆಯವನು. ಮುಳ್ಳುಗಳನ್ನು ಹತ್ತೂ ಹತ್ತಕ್ಕೆ ಇಟ್ಟರೆ ಕಂಪನಿ ಹೆಸರು ಮುಚ್ಚಿಹೋಗಲ್ಲ, ಎರಡೂ ಮುಳ್ಳು ಮೇಲೆದ್ದು ನಿಂತು ವಾಚು ನಕ್ಕ ಹಾಗೆ ಕಾಣುತ್ತೆ. ಆ ನಗು ನೋಡುವವರಿಗೆ ಹಿತ ಅನಿಸುತ್ತೆ ಅಂತ 2017ರಲ್ಲಿ ಪ್ರಯೋಗ ಮಾಡಿ ಪ್ರಬಂಧವನ್ನೇ ಬರೆದವರಿದ್ದಾರೆ. ಯಾವನೋ ಮಹಾನಾಯಕ ಸತ್ತ ಹೊತ್ತು ಅದು ಅನ್ನೋದೆಲ್ಲ ಬರೀ ಕಟ್ಟುಕಥೆ. ಇದು ಶುದ್ಧ ಜಾಹೀರಾತಿನ ಲೆಕ್ಕ. ವಾಚು ಮಾರುವವನಿಗೆ ಅದು ಸರಿ, ಅವನ ಹೊಟ್ಟೆಪಾಡು. ನಮಗೇನು ಬಂದಿದೆ? ನಾವು ಏನು ಮಾರ್ತಾ ಇದೀವಿ?

ಬಳ್ಳಾರಿಯ ನನ್ನ ಬಾಡಿಗೆ ಮನೆ ಮಹಡಿ ಮೇಲೆ ಭಾನುವಾರದ ದೃಶ್ಯ ಕೇಳಿ. ಒಂದು ಥರ್ಮಾಕೋಲ್ ಹಾಳೆ, ಕಿಟಕಿಗೆ ಅಂಟಿಸಿದ ಬಟರ್ ಪೇಪರು, ಗೋಣಿಚೀಲದ ತುಂಡು (ವಿಂಟೇಜ್ ಅನ್ನಿಸಬೇಕಲ್ಲ), ಪಕ್ಕಕ್ಕೆ ಹಳೇ ಫೌಂಟನ್ ಪೆನ್ನು, ನಾಲ್ಕು ಕಾಫಿ ಬೀಜ. ನಾನು ಕಾಫಿ ಕುಡಿಯಲ್ಲ, ಫೌಂಟನ್ ಪೆನ್ನಲ್ಲಿ ಬರೆಯೋದೂ ಇಲ್ಲ. ಮೊದಲು ಧೂಳು ಊದಬೇಕು. ನಮ್ಮೂರಿನ ಕೆಂಪು ಧೂಳು ಬೆಲ್ಟಿನ ಸಂದಿಯಲ್ಲಿ, ಕೀ ತಿರುಪಿನ ಹಲ್ಲುಗಳಲ್ಲಿ ಹೇಗೆ ಕೂತಿರುತ್ತೆ ಅಂದ್ರೆ ಸೂಜಿ ತಗೊಂಡು ಕೆರೆಯಬೇಕು. ಆಮೇಲೆ ಪ್ಲಾಸ್ಟಿಕ್ ಗ್ಲಾಸಿಗೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ ಗೀರು ಮರೆಸಬೇಕು. ಆಮೇಲೆ ಕೀ ಕೊಡದೆ, ಸತ್ತ ಹೆಣದ ಕೈ ಜೋಡಿಸಿದ ಹಾಗೆ ಮುಳ್ಳುಗಳನ್ನು ಹತ್ತೂ ಹತ್ತಕ್ಕೆ ತಂದು ನಿಲ್ಲಿಸಬೇಕು. ಫೋಟೋ ಫೈಲಿನ ಒಳಗೆ ನೋಡಿದರೆ ತೆಗೆದ ಸಮಯ ಸಂಜೆ 4:52 ಅಂತ ಇರುತ್ತೆ. ಟೈಮು ತೋರಿಸೋ ಒಂದೇ ಕೆಲಸಕ್ಕೆ ಹುಟ್ಟಿದ ವಸ್ತುವಿನ ಕೈಲಿ ಸುಳ್ಳು ಹೇಳಿಸಿ, ಅದಕ್ಕೆ ಹವ್ಯಾಸ ಅಂತ ಹೆಸರಿಟ್ಟಿದೀವಿ.

ಇದರಲ್ಲಿ ಇನ್ನೊಂದು ಪಂಗಡ ಇದೆ, ವಿಂಟೇಜ್ ಸ್ಟೈಲ್‌ನವರದು. ವಾಚು ಹೋದ ತಿಂಗಳು ತಯಾರಾದದ್ದು, ನೋಡೋಕೆ 1965ರದ್ದು. ಡಯಲ್ ಮಾಸಿರುತ್ತೆ, ಅಂಕಿಗಳು ಕೆನೆಗಟ್ಟಿರುತ್ತವೆ, ಬೆಲ್ಟಿನ ಚರ್ಮ ಯಾರೋ ಇಪ್ಪತ್ತು ವರ್ಷ ಕಟ್ಟಿಬಿಟ್ಟ ಹಾಗಿರುತ್ತೆ. ಬಳ್ಳಾರಿಯವರಿಗೆ ಈ ವಿದ್ಯೆ ಹೊಸದಲ್ಲ ಬಿಡಿ. ಜೀನ್ಸ್ ಊರು ನಮ್ಮದು. ಕೌಲ್ ಬಜಾರ್ ಕಡೆ ಮನೆಮನೆಯಲ್ಲಿ ಮಷೀನು ಹಾಕಿ ಹೊಲಿದ ಪ್ಯಾಂಟು ವಾಷಿಂಗ್ ಯೂನಿಟ್ಟಿಗೆ ಹೋಗುತ್ತೆ. ಕಲ್ಲಿನ ಜೊತೆ ತಿರುಗಿಸಿ, ಮಂಡಿ ಹತ್ತಿರ ಉಜ್ಜಿ, ಕೆಮಿಕಲ್ ಹೊಡೆದು, ಹೊಸ ಬಟ್ಟೆಯನ್ನು ಹಳೇದು ಮಾಡೋದು ಇಲ್ಲಿ ದಿನಗೂಲಿ ಕೆಲಸ. ಮಂಡಿ ಊರಿ ದುಡಿಯದವನಿಗೆ ಮಂಡಿ ಸವೆದ ಪ್ಯಾಂಟು. ಅದನ್ನು ಮಾಡಿಕೊಡೋವ ಮಾತ್ರ ಇಡೀ ದಿನ ನಿಂತೇ ಇರ್ತಾನೆ, ಅವನ ಸ್ವಂತ ಪ್ಯಾಂಟಿನ ಸವೆತಕ್ಕೆ ಯಾರೂ ದುಡ್ಡು ಕೊಡಲ್ಲ.

ಆ ಕೆನೆಬಣ್ಣದ ಅಂಕಿಗಳ ಕಥೆ ಇನ್ನೂ ಕೆಟ್ಟದು. ಕತ್ತಲಲ್ಲಿ ಹೊಳೆಯಲಿ ಅಂತ ಹಿಂದೆ ಡಯಲ್‌ಗೆ ರೇಡಿಯಂ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ನಾವು ಇವತ್ತಿಗೂ ಬೈಕಿಗೆ ಅಂಟಿಸೋ ಹೊಳೆಯೋ ಪಟ್ಟಿಗೆ ‘ರೇಡಿಯಂ’ ಅಂತೀವಲ್ಲ, ಅದರ ಹೆಸರು ಬಂದದ್ದು ಅಲ್ಲಿಂದ. ಅಮೆರಿಕದ ನ್ಯೂಜೆರ್ಸಿಯಲ್ಲಿ 1920ರ ದಶಕದಲ್ಲಿ ಆ ಬಣ್ಣ ಬಳಿಯುತ್ತಿದ್ದ ಹುಡುಗಿಯರಿಗೆ ಬ್ರಷ್ಷಿನ ತುದಿಯನ್ನು ತುಟಿಯಿಂದ ಚೂಪು ಮಾಡಿಕೊಳ್ಳೋಕೆ ಕಲಿಸಿದ್ದರು. ದವಡೆ ಮೂಳೆ ಕೊಳೆತು ಎಷ್ಟೋ ಜನ ಸತ್ತರು. ಐದು ಹೆಂಗಸರು ಕೋರ್ಟಿಗೆ ಹೋದ ಮೇಲೆ 1928ರಲ್ಲಿ ಕಂಪನಿ ರಾಜಿಗೆ ಬಂತು. ಆ ಬಣ್ಣ ವರ್ಷ ಕಳೆದಂತೆ ಹೊಳಪು ಕಳಕೊಂಡು ಕಂದಿತು. ಇವತ್ತು ಹೊಸ ವಾಚಿನ ಮೇಲೆ ಬಳಿಯೋದು ಆ ಕಂದಿದ ಬಣ್ಣದ ನಕಲು. ರೇಡಿಯಂ ಇಲ್ಲ, ಅಪಾಯ ಇಲ್ಲ, ಬರೀ ‘ಲುಕ್’. ನಾವು ಲೈಟು ಸರಿಮಾಡಿ ಅದರ ಫೋಟೋ ತೆಗೆದು ‘ವಾರ್ಮ್ ಟೋನ್’ ಅಂತೀವಿ.

ಇಷ್ಟಾದರೂ ನಕಲಿ ಹಳೇದರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ನಿಜವಾದ ಹಳೇದನ್ನು ನಕಲಿ ಹೊಸದು ಮಾಡ್ತೀವಲ್ಲ, ಸಿಟ್ಟು ಅದಕ್ಕೆ.

ಎಚ್‌ಎಂಟಿ ಅಂದರೆ ನಮ್ಮ ಭಾಗದಲ್ಲಿ ಈಗ ಮೊದಲು ನೆನಪಾಗೋದು ಅಕ್ಕಿ. ಸಿರುಗುಪ್ಪದಂಥ ಅಕ್ಕಿ ಗಿರಣಿ ಊರಲ್ಲಂತೂ ಕೇಳೋದೇ ಬೇಡ. ಆ ತಳಿ ಕಂಡುಹಿಡಿದವರು ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ದಾದಾಜಿ ಖೋಬ್ರಾಗಡೆ ಅನ್ನೋ ಸಣ್ಣ ರೈತ. ಆ ಕಾಲಕ್ಕೆ ಹೆಸರುವಾಸಿಯಾಗಿದ್ದ ವಾಚಿನ ಹೆಸರನ್ನೇ ಭತ್ತಕ್ಕೆ ಇಟ್ಟದ್ದು. ವಾಚು ಹೋಯಿತು, ಅಕ್ಕಿ ಉಳಿಯಿತು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದ ಕಾರ್ಖಾನೆ, ಆಮೇಲೆ ತುಮಕೂರಿನದು. ಜನತಾ, ಪೈಲಟ್, ಸೋನಾ, ಕಾಂಚನ್. 1980ರ ದಶಕದ ಕೊನೆಗೆ ಹೊಸೂರಿನಿಂದ ಟೈಟಾನ್ ಕ್ವಾರ್ಟ್ಜ್ ಬಂತು, ದಿನಾ ಕೀ ಕೊಡೋ ತಾಪತ್ರಯ ತಪ್ಪಿತು, ಜನ ಆ ಕಡೆ ಹೋದರು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಮುಚ್ಚುತ್ತೆ ಅಂತ ಸುದ್ದಿ ಆದದ್ದೇ ತಡ, ಮನೆ ಟ್ರಂಕಿನಲ್ಲಿ ಬಿದ್ದಿದ್ದ ವಾಚಿಗೆಲ್ಲ ಬೆಲೆ ಬಂತು.

ಬೆಲೆ ಬಂದಮೇಲೆ ಬಣ್ಣವೂ ಬಂತು. ಆನ್‌ಲೈನಿನಲ್ಲಿ ಗಿಳಿ ಹಸಿರು, ಕೇಸರಿ, ನವಿಲು ನೀಲಿ ಡಯಲ್‌ನ ಪೈಲಟ್ ವಾಚುಗಳನ್ನು ನೋಡಿರ್ತೀರಿ. ಬಹಳಷ್ಟು ಹಳೇ ಡಯಲ್ ಕೆರೆದು ಮತ್ತೆ ಬಣ್ಣ ಹೊಡೆದವು. ಅಕ್ಷರ ಒಂಚೂರು ದಪ್ಪ, ನಿಮಿಷದ ಗೆರೆ ಒಂಚೂರು ಸೊಟ್ಟ. ಫೋಟೋದಲ್ಲಿ ಮಾತ್ರ ಬಂಗಾರ. ಅವನ್ನು ಮಾಡಿಸಿದ್ದು ಯಾರು? ನಾವೇ. ಕಲೆ ಇರೋ ಡಯಲ್ ಫೋಟೋದಲ್ಲಿ ಚೆನ್ನಾಗಿ ಬರಲ್ಲ ಅಂತ ಮುಖ ತಿರುಗಿಸಿದವರು ನಾವು.

ನನ್ನ ಪಾಲಿನ ಪಾಪ ಹೇಳಿಬಿಡ್ತೀನಿ.

ನಮ್ಮಪ್ಪ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತರು. ಮದುವೇಲಿ ಮಾವನ ಮನೆಯಿಂದ ಬಂದ ಎಚ್‌ಎಂಟಿ ಅವರ ಕೈಲಿ ಮೂವತ್ತೊಂದು ವರ್ಷ ಇತ್ತು. ಬಿಳಿ ಡಯಲ್, ನಾಲ್ಕರ ಅಂಕಿ ಹತ್ತಿರ ಚಹಾ ಬಣ್ಣದ ಕಲೆ. ಕುಸುಬಲಕ್ಕಿಗೆ ಭತ್ತ ಬೇಯಿಸೋ ಹಬೆ ಒಳಗೆ ಹೋಗಿ ಆದದ್ದು ಅಂತ ಅಪ್ಪ ಹೇಳೋರು. ಹಿಂದಿನ ಮುಚ್ಚಳದ ಮೇಲೆ ಮದುವೆ ತಾರೀಖು, ಅಪ್ಪನ ಹೆಸರು, ಕೈಯಲ್ಲೇ ಕೊರೆದದ್ದು. ಇದನ್ನು ‘ಚೆಂದ’ ಮಾಡಿಸಿ, ಫೋಟೋ ತೆಗೆದು, ಫ್ರೇಮು ಹಾಕಿಸಿ ಅಪ್ಪನ ಹುಟ್ಟಿದ ದಿನಕ್ಕೆ ಕೊಡಬೇಕು ಅಂತ ನನ್ನ ಪ್ಲಾನು. ಒಬ್ಬ ರಿಪೇರಿಯವರಿಗೆ ಕೊಟ್ಟು ನಾನೇ ಬಾಯಾರೆ ಹೇಳಿದೆ, ‘ಹೊಸಾದರ ಹಾಗೆ ಆಗಬೇಕು ನೋಡ್ರಿ.’ ಅವರು ಹೇಳಿದ್ದನ್ನು ಮಾಡಿದರು. ಡಯಲ್‌ಗೆ ಹೊಸ ಬಣ್ಣ. ಮುಚ್ಚಳಕ್ಕೆ ಪಾಲಿಶ್. ಹೆಸರು ಹೋಗಿತ್ತು. ಓರೆಯಾಗಿ ಹಿಡಿದರೆ ತಾರೀಖಿನ ಕೊನೇ ಅಂಕಿಯ ಬಾಲ ಮಾತ್ರ ಕಾಣುತ್ತೆ.

ಅಪ್ಪ ಕೈಗೆ ತಗೊಂಡು, ಕಿವಿಗೆ ಇಟ್ಟುಕೊಂಡು ಕೇಳಿದರು. ‘ನಡೀತೈತೆ’ ಅಂದರು. ತಿರುಗಿಸಿ ನೋಡಿದರು. ‘ಇದು ಯಾರದಪಾ?’ ಅಂದರು. ಬೈಯಲಿಲ್ಲ. ಆಮೇಲೆ ಅದನ್ನು ಕಟ್ಟಿಕೊಳ್ಳಲೂ ಇಲ್ಲ, ಬೀರುವಿನಲ್ಲಿದೆ.

ಅವ್ವನ ಲೆಕ್ಕವೇ ಬೇರೆ. ‘ಆ ವಾಚಿಗೆ ನಮ್ಮಪ್ಪ ಹತ್ತಿ ಮಾರಿದ ರೊಕ್ಕ ಹಾಕಿದ್ದ. ಅಳಿಯಗ ವಾಚು ಇಲ್ಲ ಅಂದ್ರ ಮಂಟಪಕ್ಕ ಬರಂಗಿಲ್ಲ ಅಂದಿದ್ರು ಇವರ ಕಡೆಯೋರು. ಅದನ್ನ ಬರಕೋ ನಿನ್ನ ಫೋಟೋ ಕೆಳಗ’ ಅಂದಳು. ಹಳೇ ಕಾಲ ಎಷ್ಟು ಚೆಂದ ಅಂತ ಗೋಣಿಚೀಲದ ಮೇಲೆ ವಾಚು ಇಟ್ಟು ಫೋಟೋ ತೆಗೆಯುವವರೆಲ್ಲ ಒಂದು ಸಲ ಮನೆಯ ಹೆಂಗಸರನ್ನು ಕೇಳಿ ನೋಡಬೇಕು. ವಾಚು, ಸೈಕಲ್ಲು, ರೇಡಿಯೋ: ವರದಕ್ಷಿಣೆ ಪಟ್ಟಿಯ ಮೂರು ದೇವರುಗಳು. ಅವ್ವ ಹೇಳಿದ್ದು ನಿಜವಾದರೆ (ಅಪ್ಪ ಅಲ್ಲ ಅನ್ನಲಿಲ್ಲ) ನಾನು ಅಳಿಸಿದ್ದು ಬರೀ ಅಪ್ಪನ ಹೆಸರಲ್ಲ, ಕುರುಗೋಡಿನ ಒಬ್ಬ ರೈತನ ಒಂದು ವರ್ಷದ ಬೆಳೆಯ ರಸೀದಿ.

‘ಹವ್ಯಾಸ ಮಾರಾಯಾ, ಇಷ್ಟು ತಲೆ ಕೆಡಿಸಿಕೊಳ್ಳೋದಾ’ ಅಂತ ಗೆಳೆಯರು ಅಂತಾರೆ. ವಾರವೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತು, ಶನಿವಾರ ಎರಡು ತಾಸು ಲೈಟು ನೆರಳು ಆಟ ಆಡಿದರೆ ಯಾರ ಗಂಟು ಹೋಯಿತು? ಅರ್ಧ ಒಪ್ಪುತೀನಿ. ಹತ್ತು ಸಾವಿರದೊಳಗೆ ಚೆಂದದ ವಿಂಟೇಜ್ ಸ್ಟೈಲ್ ವಾಚು ಸಿಗೋದರಿಂದಲೇ ಎಷ್ಟೋ ಹುಡುಗರು ಕೀ ಕೊಡೋ ವಾಚು ಅಂದರೇನು ಅಂತ ತಿಳಕೊಂಡಿದ್ದಾರೆ. ನಾನೂ ಹಾಗೇ ಶುರು ಮಾಡಿದವನು. ಆದರೆ ಗಂಟು ಹೋಗಿಲ್ಲ ಅನ್ನೋದನ್ನು ಒಪ್ಪಲ್ಲ. ಕಾರ್ಖಾನೆ ಮುಚ್ಚಿದೆ. ಒಂದು ಮಾದರಿಯ ಡಯಲ್ ಮೇಲೆ ಅಕ್ಷರ ಎಲ್ಲಿತ್ತು, ಮುಳ್ಳು ಯಾವ ಆಕಾರದ್ದು ಅಂತ ನಾಳೆ ಯಾರಾದರೂ ನೋಡಬೇಕಂದರೆ ಹುಡುಕೋದು ನಮ್ಮ ನಿಮ್ಮಂಥವರ ಫೋಟೋಗಳನ್ನೇ. ಬಣ್ಣ ಹೊಡೆದದ್ದನ್ನು ಅಸಲಿ ಅಂತ ಹತ್ತು ಜನ ಹಾಕಿದರೆ ಹನ್ನೊಂದನೆಯವನಿಗೆ ಅದೇ ಅಸಲಿ. ಅವನ ಹತ್ತಿರ ಇರೋ ನಿಜವಾದ, ಮಾಸಿದ ವಾಚು ‘ಡ್ಯಾಮೇಜ್’ ಆಗಿಬಿಡುತ್ತೆ. ಅವನು ಅದನ್ನು ರಿಪೇರಿಯವರಿಗೆ ಕೊಟ್ಟು ‘ಹೊಸಾದರ ಹಾಗೆ’ ಅಂತಾನೆ, ನಾನು ಅಂದ ಹಾಗೆ.

ಹಾಗಾಗಿ ಜಗಳ ಇಷ್ಟು. ಕೀ ಕೊಡಿ. ಓಡೋ ವಾಚಿನ ಫೋಟೋ ತೆಗೀರಿ, ಆಗ ಎಷ್ಟು ಗಂಟೆಯೋ ಅಷ್ಟು ತೋರಿಸಲಿ. ಮುಳ್ಳು ಕಂಪನಿ ಹೆಸರು ಮುಚ್ಚಿದರೆ ಮುಚ್ಚಲಿ, ಕಂಪನಿ ನಿಮಗೇನು ಸಂಬಳ ಕೊಡಲ್ಲ. ಹಿಂದಿನ ಮುಚ್ಚಳದ್ದೂ ಒಂದು ಫೋಟೋ ಇರಲಿ. ಬಣ್ಣ ಹೊಡೆಸಿದ್ದರೆ ಹೊಡೆಸಿದೆ ಅಂತ ಬರೀರಿ, ನಾಚಿಕೆ ಏನಿಲ್ಲ. ರಿಪೇರಿಗೆ ಕೊಡೋ ಮುಂಚೆ, ದಯವಿಟ್ಟು, ಒಂದು ಫೋಟೋ. ಫೋನಿನದೇ ಸಾಕು, ಬಟರ್ ಪೇಪರ್ ಬೇಡ.

ಹೋದ ತಿಂಗಳು ಕುರುಗೋಡಿಗೆ ಹೋಗಿದ್ದೆ, ಸೋದರಮಾವನ ಮನೆಗೆ. ಮಾವನ ಕೈಲೂ ಒಂದು ಎಚ್‌ಎಂಟಿ. ಗ್ಲಾಸು ಎಷ್ಟು ಗೀರಿದೆ ಅಂದ್ರೆ ಒಳಗಿನ ಮುಳ್ಳು ಮಂಜಿನಲ್ಲಿ ನಿಂತ ಹಾಗೆ. ದೊಡ್ಡಬಸವೇಶ್ವರ ಗುಡಿ ಮುಂದಿನ ಕಟ್ಟೆ ಮೇಲೆ ಕೂತಿದ್ದರು. ಬಿಚ್ಚಿ ಕೊಡಿ ಮಾಮ, ಫೋಟೋ ತೆಗೀತೀನಿ ಅಂದೆ. ‘ಕೈ ಬಿಟ್ಟು ವಾಚಿನ ಫೋಟೋ ಯಾಕಲೇ?’ ಅಂದರು. ಹಳೇ ಚಟ ನೋಡಿ, ಸ್ವಲ್ಪ ಮುಳ್ಳು ತಿರುಗಿಸಲಾ ಅಂತಲೂ ಕೇಳಿಬಿಟ್ಟೆ. ‘ಬೆಳಿಗ್ಗೆ ರೇಡಿಯೋ ವಾರ್ತೆಗೆ ಹೊಂದಿಸೀನಿ, ಮುಟ್ಟಬ್ಯಾಡ. ಐದೂವರೆ ಬಳ್ಳಾರಿ ಬಸ್ಸಿಗೆ ನಿನ್ನ ಹತ್ತಿಸಬೇಕು.’ ಕೈ ಸಮೇತ ತೆಗೆದೆ. ಉಗುರಿನ ಸಂದಿಯಲ್ಲಿ ಮೆಣಸಿನಕಾಯಿ ಹೊಲದ ಮಣ್ಣು, ಬೆಲ್ಟಿಗೆ ಒಂದು ಜಾಗದಲ್ಲಿ ಹೊಲಿಗೆ ದಾರ, ಟೈಮು ಐದು ಗಂಟೆ ಎಂಟು ನಿಮಿಷ. ನನ್ನ ಫೋನಿನಲ್ಲಿ ಐದೂ ಒಂಬತ್ತು.

ಅಪ್ಪನ ವಾಚಿಗೆ ಅಂಥ ಫೋಟೋ ಒಂದೂ ಇಲ್ಲ. ಅಪ್ಪ ಅವ್ವನ ಮದುವೆ ಫೋಟೋ ಸ್ಕ್ಯಾನ್ ಮಾಡಿ ಆಗುವಷ್ಟು ದೊಡ್ಡದು ಮಾಡಿ ನೋಡಿದೆ. ಮಣಿಕಟ್ಟಿನ ಹತ್ತಿರ ಒಂದು ಬಿಳಿ ಚುಕ್ಕೆ ಇದೆ. ನಾಲ್ಕರ ಹತ್ತಿರದ ಕಲೆ ಅದರಲ್ಲಿ ಇಲ್ಲ, ಆಗಿನ್ನೂ ಅಪ್ಪ ಮಿಲ್ಲಿಗೆ ಸೇರಿರಲಿಲ್ಲ.